ಬೇಲಿಯಾಚೆಯ ಹೊಸಹಳ್ಳಿ

ಬೆಳಿಗ್ಗೆ ಎದ್ದು ಫಿಲ್ಟರಿಗೆ ಕಾಫಿಪುಡಿ ಹಾಕಿದೆ. ರೀಸೈಕಲ್ ತೊಟ್ಟಿಯನ್ನು ಡ್ರೈವ್‌ವೇ ತುದಿಯವರೆಗೂ ಎಳೆದುಕೊಂಡು ಹೋಗಿ, ಇವತ್ತು ಶನಿವಾರ, ಗಾಡಿ ಬರುವುದಿಲ್ಲ ಎಂದು ನೆನಪಾಗಿ, ಮತ್ತೆ ಒಳಗೆ ಎಳೆದುಕೊಂಡು ಬಂದೆ. ಅತ್ತೆಯ ಬಿಪಿ ಮಾತ್ರೆ ಮುಗಿದಿತ್ತು. ಫಾರ್ಮಸಿಗೆ ಫೋನ್ ಮಾಡಿ ಅವರು ಹಾಕುವ ಸಂಗೀತವನ್ನು ಪೂರ್ತಿ ಕೇಳಿದೆ. ಹಿತ್ತಿಲ ಕಡೆಯ ಮರಹಲಗೆಯ ಡೆಕ್ ಮೇಲೆ ಬಿದ್ದಿದ್ದ ಮೇಪಲ್ ಎಲೆ ಗುಡಿಸಿದೆ. ಗುಡಿಸಿದ ಜಾಗಕ್ಕೆ ಮರ ಇನ್ನಷ್ಟು ಉದುರಿಸಿತು. ನಮ್ಮ ಯಜಮಾನರ ಶರಟಿಗೆ ಗುಂಡಿ ಹೊಲಿದೆ. ಪಕ್ಕದ ಮನೆಯಿಂದ ವಾಪಸು ಬಂದ ಮೊಸರಿನ ಡಬ್ಬಿಗಳನ್ನು ಕಪಾಟಿನಲ್ಲಿ ಜೋಡಿಸಿದೆ. ಮಧ್ಯಾಹ್ನದ ಮೇಲೆ ಪೋಲೆಂಡ್ ದೇಶದ ಒಂದು ಹಳ್ಳಿಯ ಇತಿಹಾಸವನ್ನು ಕನ್ನಡದಿಂದ ಇಂಗ್ಲಿಷಿಗೆ ತರ್ಜುಮೆ ಮಾಡಿದೆ. ಈ ಕೊನೆಯ ಕೆಲಸ ದಿನಾ ಇರುವಂಥದ್ದಲ್ಲ.

ಡಬ್ಬಿಗಳಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಏನೋ ಎಡವಟ್ಟಾಗಿದೆ ಎಂದು ಗೊತ್ತಾಗಿದ್ದೇ ಅವುಗಳಿಂದ. ನಮ್ಮಂಥವರ ಮನೆಯಲ್ಲಿ ಮೊಸರಿನ ಡಬ್ಬಿ ಎಂದರೆ ಮೊಸರು ಇರುವ ಡಬ್ಬಿ ಎಂದು ಅರ್ಥವಲ್ಲ. ಮೊಸರು ಮುಗಿದ ಮೇಲೆಯೇ ಅದರ ಸಂಸಾರ ಶುರುವಾಗುವುದು. ಒಂದರಲ್ಲಿ ಹುಳಿಪುಡಿ, ಒಂದರಲ್ಲಿ ನೆನೆಸಿದ ಕಾಳು, ಒಂದರಲ್ಲಿ ಯಾರೂ ತಿನ್ನದ, ಯಾರೂ ಎಸೆಯದ ಹಳೇ ಗೊಜ್ಜು. ನಿಜವಾಗಿ ಮೊಸರು ಬೇಕಾದವರು ನಾಲ್ಕೈದು ಮುಚ್ಚಳ ತೆರೆದು ನೋಡಬೇಕು. ಅಂಥ ಡಬ್ಬಿಗಳು ಎರಡು ವರ್ಷದಿಂದ ಹಿತ್ತಿಲ ಬೇಲಿ ದಾಟಿ ಪಕ್ಕದ ಮನೆಯ ಹಲೀನಾ ಅವರಿಗೆ ಹೋಗುತ್ತಿವೆ. ಅವರ ಮನೆಯ ಡಬ್ಬಿಗಳ ಜತೆ ಕಲೆಸಿಹೋಗದಿರಲಿ ಎಂದು ಮುಚ್ಚಳದ ಮೇಲೆ ಮಾರ್ಕರಿನಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ, ಜವರಮ್ಮ ಎಂದು ಅತ್ತೆಯ ಹೆಸರು ಬರೆದಿದ್ದೆ. ಖಾಲಿ ಪಾತ್ರೆ ವಾಪಸು ಕೊಡಬಾರದು ಎಂದು ಹಲೀನಾಗೆ ಹೇಳು ಎಂದು ಅತ್ತೆ ಮೊದಲ ದಿನವೇ ತಾಕೀತು ಮಾಡಿದ್ದರು. ಹೇಳಿದೆ. ಅವರ ಊರಿನಲ್ಲೂ ಹಾಗೇ ಅಂತೆ. ಹೀಗಾಗಿ ಹುಳಿ ತುಂಬಿ ಹೋದ ಡಬ್ಬಿ ಸೌತೆಕಾಯಿ ಉಪ್ಪಿನಕಾಯಿ ತುಂಬಿಕೊಂಡೋ, ಪ್ಲಮ್ ಹಣ್ಣಿನ ಜಾಮ್ ತುಂಬಿಕೊಂಡೋ ಬರುತ್ತಿತ್ತು. ಏನೂ ಇಲ್ಲದ ದಿನ ತಳದಲ್ಲಿ ನಾಲ್ಕು ಸಕ್ಕರೆ ತುಂಡಾದರೂ ಇರುತ್ತಿತ್ತು.

ಇವತ್ತು ಬೆಳಿಗ್ಗೆ ಬಾಗಿಲ ಮುಂದೆ ಒಂದು ದೊಡ್ಡ ಚೀಲ. ಒಳಗೆ ನಮ್ಮ ಅಷ್ಟೂ ಡಬ್ಬಿ, ತೊಳೆದು, ಒಣಗಿಸಿ, ಒಂದರೊಳಗೊಂದು ಕೂರಿಸಿ. ಅತ್ತೆ ಒಂದೊಂದನ್ನೂ ಹೊರಗೆ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು.

"ಹಾಲಮ್ಮ ಹಿಂಗೆ ಮಾಡೋಳಲ್ಲ. ಯಾರೋ ಬಂದವ್ರೆ," ಅಂದರು. ಹಾಲಮ್ಮ ಎಂದರೆ ಹಲೀನಾ. ಅತ್ತೆಯ ಬಾಯಲ್ಲಿ ಅವರು ಮೊದಲ ದಿನದಿಂದಲೂ ಹಾಲಮ್ಮನೇ.

ಬಂದವಳು ಹಲೀನಾ ಮಗಳು ಕ್ರಿಸ್ತೀನಾ. ದೂರದ ಷಾರ್ಲೆಟ್ ಊರಿನ ಬ್ಯಾಲಂಟೈನ್ ಬಡಾವಣೆಯಲ್ಲಿ ವಾಸ, ಯಾವುದೋ ಬ್ಯಾಂಕಿನಲ್ಲಿ ಕೆಲಸ, ಹೆಚ್ಚುಕಡಿಮೆ ನನ್ನ ವಯಸ್ಸು. ಮೇಲ್‌ಬಾಕ್ಸ್ ಹತ್ತಿರ ಸಿಕ್ಕಳು. ಅಮ್ಮನಿಗೆ ಮರೆವು ಶುರುವಾಗಿದೆ, ಷಾರ್ಲೆಟ್‌ನಲ್ಲಿ ನನ್ನ ಮನೆ ಹತ್ತಿರವೇ ವಯಸ್ಸಾದವರಿರುವ ಒಳ್ಳೆ ಜಾಗ ನೋಡಿದ್ದೇನೆ, ಸೋಮವಾರ ಕರೆದುಕೊಂಡು ಹೋಗುತ್ತೇನೆ, ಮನೆಯನ್ನು ಆಮೇಲೆ ಮಾರಿಬಿಡುತ್ತೇವೆ ಎಂದಳು. ಅಮ್ಮ ಏನಂತಾರೆ ಎಂದು ಕೇಳಿದೆ. ಅಮ್ಮ ನಿನ್ನೆಯಿಂದ ಮಾತೇ ಆಡುತ್ತಿಲ್ಲವಂತೆ. ಸುಮ್ಮನೆ ಆಲೂಗೆಡ್ಡೆ ಸುಲಿಯುತ್ತಾ ಕೂತಿದ್ದಾರಂತೆ.

ಒಳಗೆ ಬಂದು ಹೇಳಿದೆ. ಅತ್ತೆ ಅಕ್ಕಿರೊಟ್ಟಿಯ ತಟ್ಟೆ ದೂರ ತಳ್ಳಿದರು. "ನಾನಿನ್ಯಾರ ತಾವ ಮಾತಾಡ್ಲಿ?"

ನೋಡಿ, ಈ ಮನೆಯಲ್ಲಿ ನಾನಿದ್ದೇನೆ, ಅವರ ಮಗ ಇದ್ದಾರೆ, ಇಬ್ಬರಿಗೂ ಕನ್ನಡ ಬರುತ್ತದೆ. ಹಲೀನಾಗೆ ಕನ್ನಡದ ಒಂದಕ್ಷರ ಬರುವುದಿಲ್ಲ. ಆದರೂ ಅತ್ತೆ ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಅತ್ತೆ ಊರಿನಿಂದ ವಾಷಿಂಗ್ಟನ್ ಹತ್ತಿರದ ಈ ಎಲಿಕಾಟ್ ಸಿಟಿಗೆ ಬಂದಿಳಿದ ಕೆಲವೇ ವಾರಕ್ಕೆ ಕೊರೋನಾ ಬಂತು. ಇಲ್ಲಿ ಕನ್ನಡದವರಿಗೇನು ಬರವಿಲ್ಲ, ಆದರೆ ಆ ವರ್ಷ ಎಲ್ಲರೂ ಬಾಗಿಲು ಹಾಕಿಕೊಂಡು ಝೂಮಿನಲ್ಲಿ ಯುಗಾದಿ ಮಾಡುತ್ತಿದ್ದರು. ಅತ್ತೆಗೆ ಅದು ಹಿಡಿಸಲಿಲ್ಲ. ಮೊಕ ತೋರಿಸಿ ಕುಂಕುಮ ಕೊಡದೆ ಕಳಿಸೋದು ಯಾವ ಮರ್ವಾದೆ ಎಂದು ಲ್ಯಾಪ್‌ಟಾಪಿಗೇ ಕೇಳಿದರು. ಆಮೇಲೆ ಹಿತ್ತಿಲಿಗೆ ಹೋಗಿ ನಿಲ್ಲುವುದನ್ನು ರೂಢಿ ಮಾಡಿಕೊಂಡರು. ಬೇಲಿಯಾಚೆ ಹಲೀನಾ ಟೊಮೆಟೊ ಗಿಡಕ್ಕೆ ಕೋಲು ಕಟ್ಟುತ್ತಿದ್ದರು. ಎಂಬತ್ತರ ಆಸುಪಾಸು, ತಲೆಗೆ ಹೂವಿನ ಚಿತ್ರದ ಸ್ಕಾರ್ಫು, ಗಂಡ ತೀರಿಕೊಂಡು ಬಹಳ ವರ್ಷ. ಇಬ್ಬರ ಬಾಯಿಗೂ ಮಾಸ್ಕು. ಅದರಿಂದ ಸಂಭಾಷಣೆಗೆ ನಷ್ಟವೇನೂ ಆಗಲಿಲ್ಲ.

ಅತ್ತೆ ಎದೆ ತಟ್ಟಿಕೊಂಡು "ಹೊಸಳ್ಳಿ" ಅಂದರಂತೆ. ಆ ಕಡೆಯವರೂ ಎದೆ ತಟ್ಟಿಕೊಂಡು "ಹಲೀನಾ, ನೋವಾ ವ್ಯೆಶ್" ಅಂದರು. ಅತ್ತೆಗೆ ಮಾಸ್ಕಿನೊಳಗಿಂದ ಕೇಳಿಸಿದ್ದು ಹಾಲಮ್ಮ ಮತ್ತು ನೋವಾ, ಎರಡೇ. ಎದೆ ಬೇರೆ ತಟ್ಟಿಕೊಂಡಿದ್ದಾರೆ. ಗಾಬರಿಯಿಂದ ಒಳಗೆ ಬಂದು, ಪಕ್ಕದ ಮನೆಯಾಕೆಗೆ ನೋವಂತೆ, ಶಾಖ ಕೊಡೋ ಚೀಲ ತಕ್ಕೊಂಡು ಓಡು ಎಂದು ನನ್ನನ್ನು ಅಟ್ಟಿದರು. ನಾನು ಬಿಸಿನೀರಿನ ಚೀಲವನ್ನೂ ನೀಲಗಿರಿ ಎಣ್ಣೆಯನ್ನೂ ಹಿಡಿದು ಓಡಿದೆ. ಹಲೀನಾ ಎರಡನ್ನೂ ತೆಗೆದುಕೊಂಡು ಥ್ಯಾಂಕ್ಸ್ ಹೇಳಿ ಮಂಡಿಗೆ ಹಚ್ಚಿಕೊಂಡರು. ವಯಸ್ಸಾದವರನ್ನು ನೋವಾ ಎಂದು ಕೇಳಿದರೆ ತಪ್ಪಾಗುವ ಸಂಭವವೇ ಇಲ್ಲ.

ನಮ್ಮ ಯಜಮಾನರದು ಇನ್ನೊಂದು ಕಥೆ. ಅವರ ಆಫೀಸು ಇರುವುದು ವರ್ಜೀನಿಯಾದ ಶ್ಯಾಂಟಿಲಿಯಲ್ಲಿ, ಆ ಸೀಮೆಗೆಲ್ಲ ಇಲ್ಲಿಯವರು ನೋವಾ ಅನ್ನುತ್ತಾರೆ, ನಾರ್ದರ್ನ್ ವರ್ಜೀನಿಯಾ ಎಂಬುದರ ಗಿಡ್ಡ ಹೆಸರು. ಹಲೀನಾ ತಾನು ನೋವಾ ಎಂದಕೂಡಲೇ ಇವರಿಗೆ ಊರಿನವರೇ ಸಿಕ್ಕಷ್ಟು ಸಂತೋಷ. ಟೋಲ್ ಎಷ್ಟಾಗಿದೆ, ಬೆಲ್ಟ್‌ವೇ ಹೆದ್ದಾರಿ ಮೇಲೆ ಬದುಕಿ ಬರುವುದು ಎಷ್ಟು ಕಷ್ಟ ಎಂದು ಅವರ ಹತ್ತಿರ ಗೋಳು ಹೇಳಿಕೊಂಡರು. ನಮ್ಮ ಕಾಲದಲ್ಲಿ ರಸ್ತೆ ತುಂಬ ಬಾತುಗಳಿದ್ದವು, ಕಾರಿರಲಿಲ್ಲ ಎಂದು ಹಲೀನಾ ಅಂದರೆ, ಹೌದೌದು, ಎಷ್ಟು ಡೆವಲಪ್ ಆಗಿಬಿಟ್ಟಿದೆ ನೋಡಿ ಎಂದು ಇವರು. ಮೊದಲು ಜರ್ಮನ್ನರು ಬಂದರು, ಆಮೇಲೆ ರಷ್ಯನ್ನರು ಬಂದರು ಎಂದು ಅವರು ಹೇಳಿದಾಗಲೂ ನಮ್ಮವರಿಗೆ ಅನುಮಾನ ಬರಲಿಲ್ಲ. ವಾಷಿಂಗ್ಟನ್ ಪಕ್ಕದಲ್ಲೇ ಅಲ್ಲವೇ, ಎಂಬೆಸಿಯವರೆಲ್ಲ ಅಲ್ಲೇ ಮನೆ ಮಾಡೋದು ಅಂದರು.

ನೋವಾ ವ್ಯೆಶ್ ಎಂದರೆ ಪೋಲಿಷ್ ಭಾಷೆಯಲ್ಲಿ ಹೊಸ ಹಳ್ಳಿ ಎಂದು ಹಲೀನಾ ನನಗೆ ಹೇಳಿದ್ದು ಬಹಳ ದಿನಗಳ ಮೇಲೆ, ನಮ್ಮ ಡೆಕ್ ಮೇಲೆ ಚಹಾ ಕುಡಿಯುತ್ತಾ. ಅತ್ತೆಯದು ಮದ್ದೂರು ಕಡೆಯ ಹೊಸಹಳ್ಳಿ. ಓಡಿಹೋಗಿ ಹೇಳಿದೆ. ಅವರಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. "ಮತ್ತೆ? ಹಳೇದು ಬುಟ್ಟು ಬಂದೋರು ಇನ್ನೇನಂತ ಹೆಸರಿಕ್ತಾರೆ?" ಅಂದರು.

ಆ ದೇಶದಲ್ಲಿ ನೋವಾ ವ್ಯೆಶ್‌ಗಳು ಲೆಕ್ಕವಿಲ್ಲದಷ್ಟು ಇವೆಯಂತೆ. ನಮ್ಮಲ್ಲೇನು ಕಡಿಮೆಯೇ? ನನ್ನ ಮದುವೆಯ ಬೀಗರೂಟಕ್ಕೆ ಮೈಸೂರಿನಿಂದ ಹೊರಟ ನನ್ನ ಸೋದರತ್ತೆ ಒಬ್ಬರು ಬೇರೆ ಹೊಸಹಳ್ಳಿಗೆ ಹೋಗಿ ಇಳಿದರು. ಅಲ್ಲೂ ಅವತ್ತು ಒಂದು ಬೀಗರೂಟ. ಯಾರೂ ಗುರುತಿನವರಿಲ್ಲ, ಗಂಡಿನ ಕಡೆಯವರೇ ಇರಬೇಕು ಎಂದುಕೊಂಡು ಊಟ ಮುಗಿಸಿ, ಮುಯ್ಯಿ ಕೊಟ್ಟು, ಹೆಣ್ಣಿನ ಗಲ್ಲ ಸವರಿ, ಹುಡುಗಿ ಎಷ್ಟು ಇಳಿದುಹೋಗಿದ್ದಾಳೆ ಎಂದು ಮರುಗಿ ಬಂದರು. ತಪ್ಪು ಗೊತ್ತಾದ ಮೇಲೂ, ಅಲ್ಲಿಯ ಊಟ ನಿಮ್ಮದಕ್ಕಿಂತ ಚೆನ್ನಾಗಿತ್ತು ಎಂಬ ಮಾತನ್ನು ಅವರು ಬಿಟ್ಟುಕೊಡಲಿಲ್ಲ.

ಹಲೀನಾ ಅವರ ಹೊಸಹಳ್ಳಿ ಯಾವಾಗ ಹೊಸದಾಗಿತ್ತು ಎಂಬುದು ಅಲ್ಲಿ ಯಾರಿಗೂ ಗೊತ್ತಿಲ್ಲ. ಹೊಸದು ಎಂದ ಮೇಲೆ ಹಳೆಯದೊಂದು ಇದ್ದಿರಬೇಕು. ಅದು ಬೆಂಕಿ ಬಿದ್ದು ಹೋಯಿತು ಎಂದು ಅವರ ತಾಯಿ, ಪ್ಲೇಗು ಬಂದು ಹೋಯಿತು ಎಂದು ಅವರ ತಂದೆ, ಜಮೀನ್ದಾರನ ಬಿಟ್ಟಿ ಕೆಲಸ ತಪ್ಪಿಸಿಕೊಳ್ಳಲು ಒಂದು ರಾತ್ರಿ ಊರಿಗೆ ಊರೇ ಕೋಳಿ ಸಮೇತ ಎದ್ದು ಬಂದುಬಿಟ್ಟಿತು ಎಂದು ನೆರೆಮನೆಯವರು. ಹಲೀನಾ ಪ್ರಕಾರ ಕೊನೆಯದೇ ನಿಜ. ಊರಿನವರ ಸ್ವಭಾವಕ್ಕೆ ಹೊಂದುವುದು ಅದೊಂದೇ.

ಇರುವುದು ಒಂದೇ ಒಂದು ಉದ್ದನೆ ಬೀದಿ, ಒಂದು ತುದಿ ಸ್ವಲ್ಪ ಎತ್ತರ, ಇನ್ನೊಂದು ತುದಿ ತಗ್ಗು. ನಡುವೆ ಒಂದು ಕೆರೆ, ಕೆರೆಯ ದಂಡೆಯಲ್ಲಿ ಪುಟ್ಟ ಗುಡಿ, ಗುಡಿಯೊಳಗೆ ನೆರೆಹಾವಳಿಯಿಂದ ಕಾಪಾಡುವ ಒಬ್ಬ ಸಂತನ ಮರದ ವಿಗ್ರಹ. ಸಂತ ಯಾವ ಕಡೆಗೆ ಮುಖ ಮಾಡಬೇಕು ಎಂಬುದೇ ಆ ಊರಿನ ರಾಜಕೀಯ. ಮೇಲಿನ ಬೀದಿಯವರು ಗುಡಿ ಕಟ್ಟಿಸಿದವರು ನಾವು, ನಮ್ಮನ್ನು ನೋಡಲಿ ಅನ್ನುವರು. ಕೆಳಗಿನ ಬೀದಿಯವರು ನೀರು ನುಗ್ಗುವುದು ನಮ್ಮ ಮನೆಗೆ, ನಮ್ಮನ್ನು ನೋಡಲಿ ಅನ್ನುವರು. ಪ್ರತಿ ವಸಂತಕ್ಕೆ ಬಣ್ಣ ಬಳಿಯಲು ವಿಗ್ರಹ ಕೆಳಗಿಳಿಸುವರು, ಮತ್ತೆ ಕೂರಿಸುವಾಗ ಅದು ಹೇಗೋ ತಿರುಗಿರುತ್ತಿತ್ತು. ಹೀಗೆ ವರ್ಷಕ್ಕೊಂದು ಸಲ ತಿರುಗಿ ತಿರುಗಿ ಸಂತನ ಕತ್ತಿನ ಬಣ್ಣವೇ ಕಿತ್ತುಹೋಗಿ, ಕೊನೆಗೆ ಪಾದ್ರಿ ಬಂದು ಕೆರೆಯ ಕಡೆಗೆ ಮುಖ ಮಾಡಿಸಿ ಮೊಳೆ ಹೊಡೆಸಿದರಂತೆ. ಆ ವರ್ಷದಿಂದ ನೀರು ಎರಡೂ ಕಡೆ ನುಗ್ಗಿತು. ಊರು ಆಗ ಒಗ್ಗಟ್ಟಾಯಿತು, ಪಾದ್ರಿಯ ವಿರುದ್ಧ.

ಊರಿಗೆ ಬೆಂಕಿ ಆರಿಸುವ ತಂಡವೊಂದಿತ್ತು. ಎಲ್ಲ ಊರಿನವರೇ, ಸಂಬಳವಿಲ್ಲ, ಬದಲಿಗೆ ಹಿತ್ತಾಳೆಯ ಹೆಲ್ಮೆಟ್ಟು. ಈಸ್ಟರ್ ಬಂದರೆ ಹೆಂಗಸರು ಆ ಹೆಲ್ಮೆಟ್ಟುಗಳನ್ನು ಬೂದಿ ಹಾಕಿ ತಿಕ್ಕಿ ಥಳಥಳ ಮಾಡುವರು. ಈ ಭಾಗ ಕೇಳಿದಾಗ ಅತ್ತೆ ಹುಣಿಸೆಹಣ್ಣು ವಾಸಿ ಎಂದು ಹೇಳಿ ಕಳಿಸಿದರು. ತಂಡಕ್ಕೆ ಒಂದು ಪಂಪು, ಒಂದು ಬ್ಯಾಂಡು. ಪಂಪಿಗಿಂತ ಬ್ಯಾಂಡಿನ ಅಭ್ಯಾಸ ಚೆನ್ನಾಗಿತ್ತು. ಒಮ್ಮೆ ಹಲೀನಾ ದೊಡ್ಡಪ್ಪನ ಕೊಟ್ಟಿಗೆಗೆ ಬೆಂಕಿ ಬಿದ್ದಾಗ ಮೊದಲು ಬಂದು ತಲುಪಿದ್ದು ಕಹಳೆ.

ಊರಿನ ಪಟೇಲನಿಗೆ ಅವರ ಭಾಷೆಯಲ್ಲಿ ಸೊವ್ತಿಸ್ ಅನ್ನುತ್ತಾರೆ. ಅವನು ಸರ್ಕಾರದ ಸುದ್ದಿಯನ್ನು ಸೈಕಲ್ಲಿನಲ್ಲಿ ತಂದು ಮೊದಲನೇ ಮನೆಗೆ ಹೇಳಿ ಹೋಗಿಬಿಡುವನು. ಅಲ್ಲಿಂದ ಮುಂದಕ್ಕೆ ಮನೆಯಿಂದ ಮನೆಗೆ ದಾಟಿಸುವುದು ಊರಿನವರ ಕೆಲಸ. ನಾಳೆ ಶಾಲೆಯಲ್ಲಿ ಸಭೆ ಎಂದು ಮೇಲಿನ ತುದಿಯಿಂದ ಹೊರಟ ಸುದ್ದಿ, ಕೆಳಗಿನ ತುದಿಗೆ ಮುಟ್ಟುವಾಗ ಶಾಲೆ ಕೆಡವುತ್ತಾರಂತೆ ಎಂದಾಗಿ, ಕೆಳಗಿನವರು ಕೋಲು ಹಿಡಿದು ಬರುವರು.

ಇನ್ನು ಅವರ ಅಜ್ಜಿ. ಆಕೆ ಹುಟ್ಟಿದ್ದು ರಷ್ಯಾದ ದೊರೆಯ ರಾಜ್ಯದಲ್ಲಿ, ಮದುವೆಯಾದದ್ದು ಪೋಲೆಂಡಿನಲ್ಲಿ, ವಿಧವೆಯಾದದ್ದು ಜರ್ಮನ್ನರ ಕೈಕೆಳಗೆ, ತೀರಿಕೊಂಡದ್ದು ಮತ್ತೆ ಪೋಲೆಂಡಿನಲ್ಲಿ. ಇಷ್ಟಾಗಿ ಆಕೆ ಅಡಿಗೆಮನೆ ಬಿಟ್ಟು ಎಲ್ಲೂ ಹೋದವಳಲ್ಲ. ದೇಶಗಳೇ ಬಂದು ಹೋಗುತ್ತಿದ್ದವು, ಆಕೆ ಎಲೆಕೋಸು ಹೆಚ್ಚುತ್ತಿದ್ದಳು. ಇಮಿಗ್ರೇಷನ್ ವಿಷಯದಲ್ಲಿ ಬಹಳ ನೊಂದಿರುವ ನಮ್ಮವರು ಇದನ್ನು ಕೇಳಿ, "ಒಂದೇ ಒಂದು ಫಾರಂ ತುಂಬದೆ?" ಎಂದು ತಾವು ತುಂಬಿದ ಫಾರಂಗಳನ್ನು ಬೆರಳಲ್ಲಿ ಎಣಿಸತೊಡಗಿದರು. ಅವತ್ತೇ ಅವರಿಗೆ ಹಲೀನಾ ವರ್ಜೀನಿಯಾದವರಲ್ಲ ಎಂದು ಹೊಳೆದದ್ದು.

ಇದು ನನಗೆ ಹಲೀನಾ ಇಂಗ್ಲಿಷಿನಲ್ಲಿ ಹೇಳಿದ ಇತಿಹಾಸ. ಅತ್ತೆಯ ಹತ್ತಿರ ಬೇರೆಯೇ ಒಂದಿದೆ, ನೇರವಾಗಿ ಪೋಲಿಷಿನಿಂದ ಬಂದದ್ದು. ಹೇಗೂ ಅತ್ತೆಗೆ ಇಂಗ್ಲಿಷ್ ಅರ್ಥವಾಗುವುದಿಲ್ಲ ಅಂದಮೇಲೆ ಕಷ್ಟಪಟ್ಟು ಅದನ್ನು ಯಾಕೆ ಮಾತಾಡಬೇಕು ಎಂದು ಹಲೀನಾ ಅವರ ಜತೆ ತನ್ನ ಭಾಷೆಯನ್ನೇ ಆಡುತ್ತಿದ್ದರು. ಅತ್ತೆ ಕನ್ನಡವನ್ನು ಆಡುತ್ತಿದ್ದರು. ಬೆಳಗಿನ ಹೊತ್ತು ಅಡಿಗೆಮನೆ ಕಿಟಕಿಯಿಂದ ನನಗೆ ಕೇಳಿಸುತ್ತಿದ್ದದ್ದು ಬರೀ ಗುಂಯ್ ಎಂಬ ಸದ್ದು. ವರದಿ ಊಟದ ಹೊತ್ತಿಗೆ ಬರುತ್ತಿತ್ತು.

ಪೋಲಿಷಿನಲ್ಲಿ ಮಾಮಾ ಎಂದರೆ ತಾಯಿ, ತಾತಾ ಎಂದರೆ ತಂದೆ. ಹಲೀನಾ ಮಾಮಾ, ತಾತಾ ಎಂದಾಗಲೆಲ್ಲ ಅತ್ತೆ ಕಣ್ಣೊರೆಸಿಕೊಂಡರು. ಪಾಪ, ತಾಯಿತಂದೆ ಇಲ್ಲದ ಮಗು, ಸೋದರಮಾವನೂ ತಾತನೂ ಸೇರಿ ಸಾಕಿದರಂತೆ. ಮಾವ ಎಷ್ಟು ಒಳ್ಳೆಯವನೆಂದರೆ ಹಸು ಕರೆದು, ಬೆಣ್ಣೆ ಕಡೆದು, ಜಡೆ ಕೂಡ ಅವನೇ ಹಾಕುತ್ತಿದ್ದನಂತೆ. ಕೂರಿ ಎಂದರೆ ಕೋಳಿಗಳು. ಅತ್ತೆಗೆ ಅದು ಕುರಿ. ಹಲೀನಾ ಕೈಯಲ್ಲಿ ಮೊಟ್ಟೆಯ ಆಕಾರ ಬೇರೆ ತೋರಿಸಿದರು. "ಆ ಸೀಮೇಲಿ ಕುರಿ ಮೊಟ್ಟೆ ಇಕ್ತದಂತೆ. ಚಳಿ ದೇಸ ನೋಡು, ಏನಾದ್ರೂ ಆಯ್ತದೆ," ಎಂದು ಅತ್ತೆ ನಂಬಿದರು. ಎಲ್ಲಕ್ಕಿಂತ ದುಃಖದ ವಿಷಯ ಸೊವ್ತಿಸ್. ಹಾಲಮ್ಮನಿಗೆ ಸವತಿ ಇದ್ದಳು, ಅವಳು ಸೈಕಲ್ ಹತ್ತಿ ಊರೆಲ್ಲ ಚಾಡಿ ಹೇಳಿಕೊಂಡು ತಿರುಗುತ್ತಿದ್ದಳು ಎಂದು ಅತ್ತೆ ಆ ರಾತ್ರಿ ಸಾರೇ ಬಡಿಸಿಕೊಳ್ಳಲಿಲ್ಲ. ನಾನು ತಿದ್ದಲು ಹೋದೆ. "ಅವ್ಳು ನಂಗೆ ಹೇಳ್ಕಂಡಿದ್ದು, ನಿಂಗಲ್ಲ. ಸವತಿ ವಿಸ್ಯ ಸಣ್ಣೋರ ತಾವ ಹೇಳ್ಕತಾರಾ?" ಎಂದು ಬಾಯಿ ಮುಚ್ಚಿಸಿದರು. ಐವತ್ತು ದಾಟಿದ ಮೇಲೆ ನನ್ನನ್ನು ಸಣ್ಣವಳು ಅಂದವರು ಅವರೊಬ್ಬರೇ, ಹಾಗಾಗಿ ತಿದ್ದುವುದನ್ನು ಬಿಟ್ಟೆ.

ಅತ್ತೆ ತಮ್ಮ ಊರಿನ ನಾಲೆ ನೀರಿನ ಜಗಳ ಹೇಳುವಾಗ ಹಲೀನಾ ತಾಕ್, ತಾಕ್ ಎಂದು ತಲೆಯಾಡಿಸುತ್ತಿದ್ದರು. ಹೌದು, ಹೌದು ಎಂದು ಅದರ ಅರ್ಥ. ಅತ್ತೆಗೆ ಅದು ತಕ್ಕೋ, ತಕ್ಕೋ. ಕೊಡುತ್ತೇನೆ ಅಂದರೆ ಬೇಡ ಅನ್ನಬಾರದಲ್ಲ, ಅವರ ಕೈಯಲ್ಲಿದ್ದದ್ದನ್ನು ತೆಗೆದುಕೊಂಡು ಬಂದುಬಿಡುವರು. ಹೀಗೆ ಅವರ ನೀರು ಹಾಕುವ ಪಾಟು, ಗಿಡ ಕತ್ತರಿಸುವ ಕತ್ತರಿ, ಒಂದು ಕೈಯ ಗ್ಲೌಸು ನಮ್ಮ ಮನೆಗೆ ಬಂದವು. ಸಂಜೆ ನಾನು ಮುಂಬಾಗಿಲಿನಿಂದ ಹೋಗಿ ಒಪ್ಪಿಸಿ ಬರುತ್ತಿದ್ದೆ.

ಎರಡು ವರ್ಷ ಹೀಗೆ ನಡೆಯಿತು. ಒಂದೇ ಒಂದು ಕೊರತೆ ಎಂದು ಅತ್ತೆ ಆಗಾಗ ಅನ್ನುತ್ತಿದ್ದರು. ಹಾಲಮ್ಮ ಬಂಗಾರದಂಥವಳು, ಆದರೆ ಮರೆವು. ದಿನಾ ಬೆಳಿಗ್ಗೆ ಬೇಲಿ ಹತ್ತಿರ ಬಂದ ಕೂಡಲೇ ಯಾವೂರು ಎಂದು ಕೇಳುತ್ತಾಳೆ, ದಿನಾ ನಾನು ಹೊಸಹಳ್ಳಿ ಅಂತೀನಿ, ಬೆಳಗಾದರೆ ಮತ್ತೆ ಅದೇ. ನಾನು ನಂಬಿದೆ. ಆ ವಯಸ್ಸಿಗೆ ಯಾರಿಗಾದರೂ ಆಗಬಹುದು. ನಂಬಿ ಸುಮ್ಮನಿದ್ದೆ. ನಮ್ಮ ಯಜಮಾನರು ನಂಬಿ ಸುಮ್ಮನಿರಲಿಲ್ಲ. ಬೇಸಿಗೆಯಲ್ಲಿ ಕ್ರಿಸ್ತೀನಾ ಬಂದಿದ್ದಾಗ, ಹವಾಮಾನದ ವಿಷಯ ಮುಗಿದು ಇನ್ನೇನು ಮಾತಾಡುವುದು ಎಂದು ತಿಳಿಯದೆ, ನಿಮ್ಮಮ್ಮ ನಮ್ಮಮ್ಮನನ್ನು ದಿನಾ ಒಂದೇ ಪ್ರಶ್ನೆ ಕೇಳುತ್ತಾರಂತೆ ಎಂದುಬಿಟ್ಟರು. ಅವಳು ಮೊದಲೇ ಹೆದರಿದ್ದಳು. ಪಕ್ಕದ ಮನೆಯ ಇಂಡಿಯನ್ ಹೆಂಗಸಿಗೆ ನನ್ನ ಪೋಲಿಷ್ ಪೂರ್ತಿ ಅರ್ಥವಾಗುತ್ತದೆ ಎಂದು ತಾಯಿ ಫೋನಿನಲ್ಲಿ ಹೇಳುತ್ತಿದ್ದರಂತೆ. ಎರಡೂ ಸೇರಿ, ವಯಸ್ಸಾದವರ ಜಾಗದಲ್ಲಿ ಒಂದು ರೂಮು ಬುಕ್ ಆಯಿತು.

ಮೇಲ್‌ಬಾಕ್ಸ್ ಹತ್ತಿರ ಕ್ರಿಸ್ತೀನಾ ಹೇಳಿದ ಇಷ್ಟನ್ನು ನಾನು ಇವತ್ತು ಬೆಳಿಗ್ಗೆ ರೊಟ್ಟಿಯ ತಟ್ಟೆಯ ಮುಂದೆ ಹೇಳಿದಾಗ ಅತ್ತೆ ಮಗನ ಕಡೆ ನೋಡಿದರು. "ನಾನು ಮನೆಯೊಳಗೆ ಅಂದಿದ್ದು. ಬೀದಿಗೆ ಯಾವನು ಹೊತ್ಕಂಡೋದೋನು?" ಹೊತ್ತುಕೊಂಡು ಹೋದವರು ಶನಿವಾರವಾದರೂ ಲ್ಯಾಪ್‌ಟಾಪ್ ತೆರೆದು, ಅದರ ಹಿಂದೆ ಆದಷ್ಟು ಸಣ್ಣಗಾಗಿ ಕೂತರು.

"ಆ ಹೆಣ್ಮಗೀನ ಕಾಫಿಗೆ ಕರಿ. ನಾನು ಮಾತಾಡ್ತೀನಿ," ಅಂದರು ಅತ್ತೆ.

"ಏನು ಮಾತಾಡ್ತೀರ ಅತ್ತೆ, ಅವಳಿಗೆ ಕನ್ನಡ ಬರಲ್ಲ."

"ಅವ್ರವ್ವಂಗೂ ಬರಾಕಿಲ್ಲ."

ಹೋಗಿ ಕರೆದು ಬಂದೆ.

ಮಧ್ಯಾಹ್ನದ ಮೇಲೆ ತಾಯಿ ಮಗಳು ಡೆಕ್ಕಿಗೆ ಬಂದರು. ಹಲೀನಾ ಯಾರನ್ನೂ ನೋಡದೆ ಸ್ಕಾರ್ಫು ಬಿಗಿದುಕೊಂಡು ಕೂತರು. ಕ್ರಿಸ್ತೀನಾ ಮರ್ಯಾದೆಯವಳು, ಅತ್ತೆಯ ಮುಂದೆ ಕೈಮುಗಿದು ನಿಂತು, ಸ್ಪಷ್ಟವಾಗಿ, "ಯವರಮ್ಮ," ಅಂದಳು.

"ಹೊಸಳ್ಳಿ ಕಣವ್ವ," ಅಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿ, "ಅಯ್ಯೋ ಸಿವನೇ, ಇಷ್ಟು ಸಣ್ಣ ವಯಸ್ಗೇ ಇವ್ಳಿಗೂ ಸುರುವಾಗದಲ್ಲ," ಅಂದರು.

ನಾನು ಕಾಫಿ ತಟ್ಟೆಯನ್ನು ಹಿಡಿದಲ್ಲೇ ನಿಂತೆ. ಈಗ ಏನೆಂದು ಕರೆದೆ ಎಂದು ಕ್ರಿಸ್ತೀನಾಳನ್ನು ಕೇಳಿದೆ. ಹೆಸರಿನಿಂದ ಕರೆದೆ, ತಪ್ಪಾಯಿತೇ, ಅಮ್ಮ ಹಾಗೇ ಕರೆಯುವುದು ಅಂದಳು. ಯಾರು ಹೇಳಿಕೊಟ್ಟರು ಎಂದೆ. ಹಲೀನಾ ನಿನ್ನೆಯಿಂದ ಮೊದಲ ಬಾರಿ ಬಾಯಿ ಬಿಟ್ಟು, ಯಾರು ಹೇಳಿಕೊಡಬೇಕು, ಡಬ್ಬಿಯ ಮೇಲೆ ನೀನೇ ಬರೆದಿದ್ದೀಯಲ್ಲ ಅಂದರು. ಪೋಲಿಷಿನವರು ಇಂಗ್ಲಿಷಿನ ಜೆ ಅಕ್ಷರವನ್ನು ಯ ಎಂದು ಓದುತ್ತಾರಂತೆ. ಜವರಮ್ಮ ಅವರ ಬಾಯಲ್ಲಿ ಯವರಮ್ಮ, ಅತ್ತೆಯ ಕಿವಿಯಲ್ಲಿ ಯಾವೂರಮ್ಮ. ನನ್ನ ಹತ್ತಿರ ಮಾತಾಡುವಾಗ ನಿನ್ನ ಮದರ್ ಇನ್ ಲಾ ಎಂದೇ ಹೇಳುತ್ತಿದ್ದರಾಗಿ ಆ ಹೆಸರು ಅವರ ಬಾಯಲ್ಲಿ ಹೇಗೆ ಬರುತ್ತದೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಆ ಮಹಾತಾಯಿ ಎರಡು ವರ್ಷ ದಿನಾ ಬೆಳಿಗ್ಗೆ ಗೆಳತಿಯನ್ನು ಹೆಸರು ಹಿಡಿದು ಕರೆದಿದ್ದಾರೆ, ಗೆಳತಿ ದಿನಾ ಊರಿನ ಹೆಸರು ಹೇಳಿದ್ದಾರೆ.

ವಿವರಿಸಿ ಹೇಳುವಷ್ಟರಲ್ಲಿ ನನಗೆ ಬಿಕ್ಕಳಿಕೆ ಬಂತು. ಕ್ರಿಸ್ತೀನಾ ನಕ್ಕಳು, ಆದರೆ ಪೂರ್ತಿ ಅಲ್ಲ. ಇದು ಸರಿ, ಆದರೆ ಯವರಮ್ಮನಿಗೆ ನನ್ನ ಪೋಲಿಷ್ ಎಲ್ಲ ಅರ್ಥವಾಗುತ್ತದೆ ಎಂದು ಅಮ್ಮ ಅನ್ನುತ್ತಾರಲ್ಲ, ಅದಕ್ಕೇನು ಹೇಳುತ್ತೀರಿ ಎಂದು ಕೇಳಿದಳು. ಅತ್ತೆಗೆ ತಿಳಿಸಿದೆ. ಅವರು ಸೆರಗು ಹೊದ್ದು ನೆಟ್ಟಗೆ ಕೂತು, ನೋವಾ ವ್ಯೆಶ್‌ನ ಇತಿಹಾಸವನ್ನು ಮೊದಲಿನಿಂದ ಹೇಳತೊಡಗಿದರು. ಉದ್ದನೆ ಬೀದಿ, ಕೆರೆ, ತಿರುಗುವ ದೇವರು, ಬೆಂಕಿ ಬಿದ್ದ ಮನೆಗೆ ವಾಲಗ. ಜಡೆ ಹಾಕುವ ಸೋದರಮಾವ, ಮೊಟ್ಟೆ ಇಡುವ ಕುರಿ, ಸೈಕಲ್ ಸವತಿ. ನಾನು ಏನನ್ನೂ ತಿದ್ದದೆ ತರ್ಜುಮೆ ಮಾಡಿದೆ. ಕ್ರಿಸ್ತೀನಾ ಮೊದಲು ಹುಬ್ಬು ಗಂಟಿಕ್ಕಿದಳು, ಆಮೇಲೆ ಮಾಮಾ, ತಾತಾ, ಕೂರಿ ಎಂದು ತನ್ನಲ್ಲೇ ಹೇಳಿಕೊಂಡಳು, ಸೊವ್ತಿಸ್ ಹತ್ತಿರ ಬರುವಾಗ ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದಳು. ಈ ಕಥೆಗಳಲ್ಲಿ ಅರ್ಧ ತನಗೆ ಅಮ್ಮ ಹೇಳಿಯೇ ಇಲ್ಲ ಎಂದಳು. ನೀನು ಕೇಳಲಿಲ್ಲ, ಯವರಮ್ಮ ಕೇಳಿದಳು ಎಂದು ತಾಯಿ ಅಂದರು. "ಮರೆವು ನನಗಲ್ಲ," ಎಂದು ನನ್ನ ಕಡೆ ಬೆರಳು ತೋರಿಸಿದರು. "ಶನಿವಾರ ಬೆಳಿಗ್ಗೆ ರೀಸೈಕಲ್ ತೊಟ್ಟಿ ಹೊರಗೆ ತಂದವಳು ಇವಳು. ಕಿಟಕಿಯಿಂದ ನೋಡಿದೆ."

ನನಗೂ ಬ್ಯಾಲಂಟೈನಿನಲ್ಲಿ ರೂಮು ನೋಡುತ್ತಾರೇನೋ ಎಂದು ಒಂದು ಕ್ಷಣ ಭಯವಾಯಿತು.

ಕ್ರಿಸ್ತೀನಾ ಕಣ್ಣೊರೆಸಿಕೊಂಡು ಕೊನೆಯ ಪ್ರಶ್ನೆ ಎಂಬಂತೆ ಒಂದು ಕೇಳಿದಳು. ಆ ಊರಿನ ಕಾಡಿನಲ್ಲಿ ಅಣಬೆ ಏಳುತ್ತದೆ. ಒಳ್ಳೆ ಅಣಬೆ ಏಳುವ ಜಾಗ ಒಂದೊಂದು ಮನೆಗೂ ಒಂದೊಂದು, ಗುಟ್ಟು. ತಾಯಿ ಮಗಳಿಗೆ ಮಾತ್ರ ಹೇಳುವಂಥದ್ದು. ನಿಮ್ಮಮ್ಮನ ಜಾಗ ಎಲ್ಲಿತ್ತು, ನೆನಪಿದೆಯೇ ಎಂದು ತಾಯಿಯನ್ನು ಇಂಗ್ಲಿಷಿನಲ್ಲೇ ಕೇಳಿದಳು.

ಹಲೀನಾ ಅತ್ತ ಇತ್ತ ನೋಡಿದರು. ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು, ಲ್ಯಾಪ್‌ಟಾಪಿನ ಹಿಂದೆ ಸಣ್ಣಗಾಗಿದ್ದ ನಮ್ಮವರನ್ನು ಗಾಜಿನ ಬಾಗಿಲಿನಾಚೆ ನೋಡಿದರು. ಆಮೇಲೆ ಮಗಳಿಗೆ ಹೇಳಿದರು:

"ಇವರ ಮುಂದೆ ಹೇಳಲೇ?"

ಕಾಡು ಇರುವುದು ಸಮುದ್ರದಾಚೆ. ನಮ್ಮ ಮನೆಯಲ್ಲಿ ಅಣಬೆ ತಿನ್ನುವವರೂ ಇಲ್ಲ. ಆದರೆ ಕ್ರಿಸ್ತೀನಾ ತಾಯಿಯ ಮುಖ ನೋಡಿದ ರೀತಿಯಲ್ಲೇ ಗೊತ್ತಾಯಿತು, ಅವಳಿಗೆ ಬೇಕಾದದ್ದು ಸಿಕ್ಕಿತು ಎಂದು. ಅತ್ತೆಗೆ ಭಾಷೆ ತಿಳಿಯದಿದ್ದರೂ ಸಂದರ್ಭ ತಿಳಿಯಿತು. "ಮನೆ ವಿಸ್ಯ ಮಾತಾಡ್ತಾವ್ರೆ, ಎದ್ದೇಳು," ಎಂದು ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಬಂದರು. ಅಡಿಗೆಮನೆ ಕಿಟಕಿಯಿಂದ ನೋಡಿದೆ. ಹಲೀನಾ ಮಗಳ ಕಿವಿಗೆ ಬಾಯಿ ಹಚ್ಚಿ ಏನೋ ಹೇಳುತ್ತಿದ್ದರು, ಮೇಜುಬಟ್ಟೆಯ ಮೇಲೆ ಬೆರಳಿನಿಂದ ದಾರಿ ಬರೆಯುತ್ತಿದ್ದರು. ಇಲ್ಲಿಂದ ಎಡಕ್ಕೆ, ಇಲ್ಲೊಂದು ತೊರೆ, ದಾಟಿ ಮೇಲಕ್ಕೆ ಹತ್ತು ಎಂಬ ಹಾಗೆ. ಮಗಳು ಅದೇ ದಾರಿಯ ಮೇಲೆ ತನ್ನ ಬೆರಳು ಓಡಿಸುತ್ತಾ ಕೇಳುತ್ತಿದ್ದಳು.

ರೂಮು ಬೇಡ ಎಂದು ಅವಳು ಅಲ್ಲೇ ಡೆಕ್ ಮೇಲೆ ನಿಂತು ಫೋನ್ ಮಾಡಿದಳು. ಚಳಿಗಾಲದಲ್ಲಿ ಕೆಲವು ವಾರ ಮಗಳ ಮನೆಗೆ ಬರುತ್ತೇನೆ, ಟೊಮೆಟೊ ಹಾಕುವ ಹೊತ್ತಿಗೆ ತಂದು ಬಿಡಬೇಕು ಎಂದು ಹಲೀನಾ ಷರತ್ತು ಹಾಕಿದರು. ಅತ್ತೆಗೆ ಇದನ್ನು ಹೇಳಿದೆ. ಸರಿ ಎಂದು ತಲೆಯಾಡಿಸಿ, ಒಂದು ಅನುಮಾನ ಕೇಳಿದರು: ಹಾಲಮ್ಮ ಊರು ಕೇಳುತ್ತಿರಲಿಲ್ಲ ಅಂದಮೇಲೆ ಆ ಸವತಿಯೂ ಸುಳ್ಳೇ? ಸುಳ್ಳು ಎಂದೆ. ಅತ್ತೆಯ ಮುಖದಲ್ಲಿ ಸಮಾಧಾನ ಇತ್ತು, ಒಂದಿಷ್ಟು ನಿರಾಸೆಯೂ ಇತ್ತು.

ರಾತ್ರಿಗೆ ಹುರುಳಿಕಾಳಿನ ಬಸ್ಸಾರು, ಅನ್ನ, ಸುಟ್ಟ ಹಪ್ಪಳ. ಅತ್ತೆ ಎರಡು ಸಲ ಬಡಿಸಿಕೊಂಡರು. ನಮ್ಮವರು ಯಾರೂ ಕೇಳದೆಯೇ ಪಾತ್ರೆ ತೊಳೆದರು. ಎಲ್ಲರಿಗಿಂತ ಮೊದಲು ಮಲಗಿದ್ದು ಹಲೀನಾ. ಅವರ ಮಲಗುವ ಕೋಣೆಯ ದೀಪ ನಮ್ಮ ಕಿಟಕಿಗೆ ಕಾಣುತ್ತದೆ. ಅದು ಆರುವವರೆಗೂ ಅತ್ತೆ ನಿಂತಿದ್ದು, "ಮನಿಕ್ಕಂಡ್ಲು," ಎಂದು ಹೇಳಿ ತಾವೂ ಹೋಗಿ ಮಲಗಿದರು.